ಸ್ಟೀರಿಂಗ್ ಯಾವಾಗ ನಡುಗ್ತದ?

1/8

ಮಳೆಗಾಲ ಶುರುವಾದ ಮೇಲೆ ನನಗೆ ಬರುವ ಮೆಸೇಜ್ ಹೆಚ್ಚುಕಡಿಮೆ ಒಂದೇ. "ಅಣ್ಣಾ, ಗಾಡಿ ಹೊಲದಾಗ ಇಳಿಸಿದ್ವಿ. ಈಗ ಸ್ಟೀರಿಂಗ್ ನಡುಗ್ಲತ್ತದ. ಏನ್ ಮಾಡ್ಬೇಕು?" ನನ್ನ ಉತ್ತರವೂ ಒಂದೇ. ಏನು ಮಾಡಬೇಕು ಅನ್ನೋದು ಆಮೇಲೆ. ಮೊದಲು ಹೇಳ್ರಿ, ಯಾವಾಗ ನಡುಗ್ತದ?

ಅರವತ್ತಕ್ಕೆ ಶುರುವಾಗಿ ಎಂಬತ್ತು ದಾಟಿದರೆ ತಾನೇ ಕಡಿಮೆ ಆಗ್ತದಾ? ಬ್ರೇಕ್ ಒತ್ತಿದಾಗ ಮಾತ್ರವಾ? ಒಂದು ಗುಂಡಿ ಹಾರಿದ ಮೇಲೆ ಶುರುವಾಗಿ, ಗಾಡಿ ನಿಲ್ಲೋತನಕ ಬಿಡಲ್ಲವಾ? ನಡುಗೋದು ಸ್ಟೀರಿಂಗಾ, ಕೂತಿರೋ ಸೀಟಾ? ಇದಕ್ಕೆ ಸರಿಯಾಗಿ ಉತ್ತರ ಕೊಟ್ಟರೆ ಅರ್ಧ ರಿಪೇರಿ ಆದಂಗೆ. "ಸುಮ್ನೆ ನಡುಗ್ತದ ಅಣ್ಣಾ" ಅಂದ್ರೆ ಗ್ಯಾರೇಜಿನವನೂ ಸುಮ್ನೆ ಏನೋ ಒಂದು ಬದಲಾಯಿಸ್ತಾನೆ.

ಈ ಸಲದ ಸೀರೀಸ್ ಇದರ ಮೇಲೆ. ಫೋಟೋಗಳೆಲ್ಲ ನಮ್ಮ ಕಾಕಾನ ಹಳೆ ಜೀಪಿನವು. ಓದೋದು ಉದ್ದ ಅದ. ಸೇವ್ ಮಾಡ್ಕೊಂಡು, ಗಾಡಿ ಮುಂದ ಕೂತು ಓದ್ರಿ.

2/8

ಆಫ್‌ರೋಡ್ ಅಂದ್ರೆ ರೀಲ್ಸ್‌ನಲ್ಲಿ ಶೋಕಿ. ನಮ್ಮ ಸೇಡಂ, ಚಿತ್ತಾಪುರ ಕಡೆ ಅದು ಹೊಲದ ದಾರಿ, ಅಷ್ಟೇ. ಕಾಕಾನ ಜೀಪು ಗೊಬ್ಬರದ ಚೀಲ ಹೊರ್ತದ, ತೊಗರಿ ಹೊರ್ತದ, ಬೆಳಿಗ್ಗೆ ಕಳೆ ತೆಗೆಯೋಕೆ ಬರುವ ಹನ್ನೆರಡು ಹೆಣ್ಮಕ್ಕಳನ್ನ ಹೊಲಕ್ಕೆ ಕರ್ಕೊಂಡು ಹೋಗಿ ಸಂಜೆ ಮನೆಗೆ ಬಿಡ್ತದ. ಡಾಂಬರು ರೋಡಿಗೆ ಬಂದ ಮೇಲೆ ಎದುರಿಗೆ ಬರೋದು ಸಿಮೆಂಟ್ ಬಲ್ಕರ್. ವಾಡಿ, ಶಹಾಬಾದ್ ನಡುವೆ ಓಡಾಡಿದವರಿಗೆ ಆ ಬಲ್ಕರ್ ಪಕ್ಕ ಹಾದುಹೋಗುವಾಗ ಗಾಳಿ ಹೆಂಗೆ ನೂಕ್ತದ ಅಂತ ಗೊತ್ತು. ಅಂಥ ಜಾಗದಲ್ಲಿ ಸ್ಟೀರಿಂಗ್ ಕೈಯಲ್ಲಿ ನಿಲ್ಲದಿದ್ರೆ ಅದು ಗಾಡಿ ರಿಪೇರಿಯ ವಿಷಯವಾಗಿ ಉಳಿಯೋದಿಲ್ಲ.

ಇನ್ನೊಂದು ಮಾತು. ಯೂಟ್ಯೂಬ್‌ನಲ್ಲಿ ಹೇಳೋ ಆಫ್‌ರೋಡ್ ಡ್ಯಾಮೇಜ್ ಎಲ್ಲಾ ಕಡೆ ಒಂದೇ ಥರ ಇರಲ್ಲ. ನಮ್ಮ ಭಾಗದಲ್ಲಿ ಮೂರು ಥರದ ನೆಲ ಇದೆ, ಮೂರೂ ಗಾಡಿಗೆ ಬೇರೆ ಬೇರೆ ಕಡೆ ಪೆಟ್ಟು ಕೊಡ್ತವೆ.

ಒಂದು, ಎರೆಮಣ್ಣು. ಒದ್ದೆಯಾದರೆ ಉಬ್ಬಿ ಅಂಟಾಗ್ತದ, ಒಣಗಿದರೆ ಇಟ್ಟಿಗೆ. ಗಾಲಿಯ ರಿಮ್ ಒಳಗೆ, ಪಾಟಾದ ಸಂದಿಗೆ, ಬ್ರೇಕ್ ಡ್ರಮ್ಮಿಗೆ ತುಂಬಿಕೊಳ್ಳೋದು ಇದೇ. ಎರಡು, ಶಹಾಬಾದ್ ಪರ್ಸಿ. ಮನೆಯಲ್ಲಿ ಹಾಸಿದಾಗ ನುಣುಪು, ಖಣಿ ಪಕ್ಕದ ದಾರಿಯಲ್ಲಿ ಬಿದ್ದ ಚೂರು ಚಾಕು. ಟೈರಿನ ಪಕ್ಕೆ ಕೊಯ್ಯೋದು, ರಿಮ್ ಅಂಚು ಬಗ್ಗಿಸೋದು ಅದರ ಕೆಲಸ. ಅದರ ಬಿಳಿ ಪುಡಿ ಇನ್ನೂ ಕೆಟ್ಟದ್ದು. ಹರಿದ ರಬ್ಬರ್ ಬೂಟಿನೊಳಗೆ ಹೋಗಿ ಗ್ರೀಸಿನ ಜೊತೆ ಸೇರಿದ್ರೆ ಮರಳು ಕಾಗದ ಇಟ್ಟು ಉಜ್ಜಿದಂಗೆ ಜಾಯಿಂಟ್ ತಿಂತದ. ಮೂರು, ಚಿಂಚೋಳಿ ಕಡೆಯ ಕೆಂಪು ಮೊರಂ. ಲಾರಿ ಓಡಿ ಓಡಿ ಅದರ ಮೇಲೆ ಹಪ್ಪಳದಂಥ ಏಣು ಬಿದ್ದಿರ್ತವೆ. ಅಲ್ಲಿ ದೊಡ್ಡ ಪೆಟ್ಟೇನೂ ಬೀಳಲ್ಲ. ಆದ್ರೆ ಹತ್ತು ಕಿಲೋಮೀಟರ್ ನಡುಗಿ ನಡುಗಿ ನಟ್ಟುಗಳು ಸಡಿಲ ಆಗ್ತವೆ.

ಅದಕ್ಕೇ ಮೆಸೇಜ್ ಮಾಡಿದವರನ್ನ ನಾನು ಎರಡನೇ ಪ್ರಶ್ನೆ ಕೇಳೋದು: ಎಲ್ಲಿ ಹೋಗಿದ್ರಿ?

3/8

ಈ ಫೋಟೋ ಮುಂದಿನ ಎಡಗಾಲಿಯ ಒಳಮೈ. ಹೊರಗಿಂದ ನೋಡಿದ್ರೆ ಗಾಲಿ ಸ್ವಚ್ಛ ಇತ್ತು, ಕಾಕಾ ಪೈಪ್ ಹಿಡಿದು ತೊಳೆದಿದ್ದ. ಒಳಗೆ ಕೈ ಹಾಕಿದ್ರೆ ಒಂದು ರೊಟ್ಟಿಯಷ್ಟು ಒಣಗಿದ ಎರೆಮಣ್ಣು ಒಂದೇ ಕಡೆ ಕೂತಿತ್ತು.

ಡಿಪ್ಲೊಮಾ ಮೆಕ್ಯಾನಿಕಲ್‌ನವರು ಇದನ್ನ ಲೆಕ್ಕ ಹಾಕಿ ನೋಡ್ರಿ, ಸೂತ್ರ ನಿಮಗೆ ಗೊತ್ತೇ ಇದೆ. ರಿಮ್ ಒಳಗೆ ನಡುವಿನಿಂದ 20 ಸೆಂ.ಮೀ. ದೂರದಲ್ಲಿ ಬರೀ 100 ಗ್ರಾಂ ಮಣ್ಣು ಅಂಟಿದೆ ಅಂದ್ಕೊಳ್ರಿ. ಜೀಪಿನ ಗಾಲಿ ಗಂಟೆಗೆ 60 ಕಿ.ಮೀ. ವೇಗದಲ್ಲಿ ಸೆಕೆಂಡಿಗೆ ಸುಮಾರು 7 ಸುತ್ತು ಹಾಕ್ತದ. ಆಗ ಆ 100 ಗ್ರಾಂ ಮಣ್ಣು ಗಾಲಿಯನ್ನು ಸುಮಾರು 4 ಕೆ.ಜಿ. ಬಲದಿಂದ ಹೊರಕ್ಕೆ ಎಳೀತದ. 80ಕ್ಕೆ ಹೋದರೆ ಅದು ಸುಮಾರು 7 ಕೆ.ಜಿ. ಪ್ರತಿ ಸುತ್ತಿಗೂ ಒಮ್ಮೆ ಮೇಲಕ್ಕೆ, ಒಮ್ಮೆ ಕೆಳಕ್ಕೆ, ಒಮ್ಮೆ ಮುಂದಕ್ಕೆ, ಒಮ್ಮೆ ಹಿಂದಕ್ಕೆ. ಸ್ಟೀರಿಂಗ್ ಹಿಡಿದವನ ಕೈ ನಡುಗದೆ ಏನು ಮಾಡ್ತದ?

ವಾಡಿಯಲ್ಲಿ ನಾವು ಹೋಗೋ ಉಸ್ತಾದ್, ವಯಸ್ಸಾದ ಮನುಷ್ಯ, ಇದಕ್ಕೆ ಯಾವ ಸೂತ್ರನೂ ಹೇಳಲಿಲ್ಲ. ಜೀಪು ಅಂಗಡಿ ಮುಂದ ನಿಂತ ಕೂಡಲೇ ಕುರ್ಚಿಯಿಂದ ಏಳದೇ ಹೇಳಿದ್ದು ಎರಡೇ ಮಾತು: "ಪೈಲೆ ತೊಳಿ."

ಹಂಗಾಗಿ ಯಾವ ಗ್ಯಾರೇಜಿಗೂ ಹೋಗೋ ಮುಂಚೆ ನಾಲ್ಕೂ ಗಾಲಿಯ ಒಳಮೈ ಕೆರೆದು ತೊಳೀರಿ. ಕಟ್ಟಿಗೆಯಿಂದ ಕೆರೀರಿ, ಹಾರಿಯಿಂದ ಬ್ಯಾಡ. ಬ್ಯಾಲೆನ್ಸಿಂಗ್‌ಗೆ ಅಂಟಿಸಿದ ಸೀಸದ ತುಂಡು ಇದ್ದರೆ ಅದು ಕಿತ್ತು ಬರ್ತದ. ಕೆಸರಿನಲ್ಲಿ ಹವಾ ಕಡಿಮೆ ಮಾಡಿದ್ರೆ ವಾಪಸ್ ತುಂಬಿಸ್ರಿ. ನಟ್ಟುಗಳಿಗೆ ಪಾನಾ ಹಾಕಿ ನೋಡ್ರಿ. ಇಷ್ಟು ಮಾಡಿದ ಮೇಲೂ ನಡುಗಿದ್ರೆ ಮಾತ್ರ ಮುಂದಿನ ಮಾತು.

4/8

ಕಾಕಾನ ಜೀಪು ತೊಳೆದ ಮೇಲೆ ಅರವತ್ತರ ನಡುಕ ಹೋಯ್ತು. ಇನ್ನೊಂದು ಉಳೀತು. ಸಪಾಟು ರೋಡಿನಲ್ಲಿ ಎಂಬತ್ತು ಹೋದರೂ ಏನೂ ಇಲ್ಲ. ಐವತ್ತರ ಮೇಲೆ ಹೋಗುವಾಗ ಎಡಗಾಲಿ ಒಂದು ಗುಂಡಿಗೆ ಇಳಿದ್ರೆ ಸಾಕು, ಎರಡೂ ಮುಂದಿನ ಗಾಲಿ ಎಡಕ್ಕೂ ಬಲಕ್ಕೂ ಬಡ್ಕೊಳ್ಳೋಕೆ ಶುರು. ಇಡೀ ಜೀಪು ಅಲ್ಲಾಡ್ತದ. ಗಾಡಿ ಹತ್ತಿರ ಹತ್ತಿರ ನಿಲ್ಲಿಸಿದ ಮೇಲೆ ಮಾತ್ರ ಬಿಡ್ತದ. ಇದಕ್ಕೆ ಇಂಗ್ಲಿಷಿನವರು ಇಟ್ಟ ಹೆಸರು ಡೆತ್ ವಾಬಲ್. ಹೆಸರು ಸಿನಿಮಾದ್ದು ಅನ್ನಿಸ್ತದ, ಒಮ್ಮೆ ಕೂತು ನೋಡಿದವರಿಗೆ ಹಂಗ ಅನ್ನಿಸಲ್ಲ.

ಆಸ್ಪತ್ರೆಯ ಸ್ಟ್ರೆಚರ್ ನೋಡಿದ್ದೀರಲ್ಲ? ಜೋರಾಗಿ ತಳ್ಳಿದ್ರೆ ಮುಂದಿನ ಸಣ್ಣ ಗಾಲಿ ಒಂದು ಪಟಪಟ ಅಂತ ಎರಡೂ ಕಡೆ ಹೊಡ್ಕೊಳ್ತದ. ಗಾಲಿ ತಾನಾಗೇ ನೇರ ನಿಲ್ಲೋಕೆ ನೋಡ್ತದ, ಸಡಿಲ ಇರೋದರಿಂದ ಆ ಕಡೆಗೆ ದಾಟಿ ಹೋಗ್ತದ, ಮತ್ತೆ ವಾಪಸ್ ಬರ್ತದ, ಮತ್ತೆ ದಾಟ್ತದ. ಜೀಪಿನಲ್ಲಿ ಆಗೋದೂ ಅದೇ. ಮುಂದೆ ಎಡಗಾಲಿಯಿಂದ ಬಲಗಾಲಿಯವರೆಗೆ ಒಂದೇ ಗಟ್ಟಿ ಆಕ್ಸಲ್ ಇರುವ ಗಾಡಿಗಳಲ್ಲಿ ಇದು ಹೆಚ್ಚು, ಯಾಕಂದ್ರೆ ಒಂದು ಗಾಲಿಗೆ ಬಿದ್ದ ಪೆಟ್ಟು ನೇರ ಇನ್ನೊಂದಕ್ಕೆ ಮುಟ್ತದ. ಹಳೆ ಜೀಪು, ಜಿಪ್ಸಿ, 2023ರಲ್ಲಿ ಬಂದ ಜಿಮ್ನಿ ಎಲ್ಲಾ ಆ ಜಾತಿ. ಈಗಿನ ಥಾರ್, ಬೊಲೆರೊದಲ್ಲಿ ಮುಂದಿನ ಎರಡು ಗಾಲಿ ಬೇರೆ ಬೇರೆಯಾಗಿ ಏರಿಳೀತವೆ. ಅವುಗಳಲ್ಲಿ ಬಾಲ್ ಜಾಯಿಂಟ್, ಬುಶ್ ನೋಡಬೇಕಾಗ್ತದ.

ನಾವು ಉಸ್ತಾದ್ ಹತ್ರ ಹೋಗೋ ಮುಂಚೆ ಕಾಕಾ ಎರಡು ಕಡೆ ತೋರಿಸಿ ಬಂದಿದ್ದ. ಒಂದು ಕಡೆ, "ಸ್ಟೀರಿಂಗ್ ಡ್ಯಾಂಪರ್ ಹಾಕಿಸ್ರಿ, ಸರಿ ಹೋಗ್ತದ." ಇನ್ನೊಂದು ಕಡೆ, "ಸ್ಟೀರಿಂಗ್ ಬಾಕ್ಸೇ ಹೋಗ್ಯದ, 18,000 ಆಗ್ತದ." ಎರಡೂ ಕಡೆ ಗಾಡಿ ಕೆಳಗೆ ಯಾರೂ ಮಲಗಿರಲಿಲ್ಲ. ಕಾಕಾ ಮನೆಗೆ ಬಂದು, "ಇದ್ನ ಮಾರಿಬಿಡೂನು ತಮ್ಮಾ, ನನಗ ಹೆಣ್ಮಕ್ಕಳನ್ನ ಕುಂಡ್ರಿಸ್ಲಾಕ ಧೈರ್ಯ ಸಾಲ್ವಲ್ದು" ಅಂದ. ಹತ್ತೊಂಬತ್ತು ವರ್ಷದಿಂದ ಅದೇ ಜೀಪು ಓಡಿಸಿದ ಮನುಷ್ಯ.

ಡ್ಯಾಂಪರ್ ಬಗ್ಗೆ ಉಸ್ತಾದ್ ಹೇಳಿದ್ದು: "ಕೆಮ್ಮು ಬಂದ್ರ ಬಾಯಿ ಮುಚ್ಚಿದಂಗ ಅದು. ಆವಾಜ್ ಬರಲ್ಲ, ಕೆಮ್ಮು ಹೋಗಲ್ಲ."

5/8

ಇದು ಮುಖ್ಯ ಭಾಗ. ಇಬ್ಬರು ಬೇಕು, ಒಂದು ಜಾಕ್ ಬೇಕು, ದುಡ್ಡು ಬೇಕಾಗಿಲ್ಲ.

ಮೊದಲು ನಾಲ್ಕೂ ಗಾಲಿ ನೆಲದ ಮೇಲೆ ಇರಲಿ. ಒಬ್ಬ ಒಳಗೆ ಕೂತು ಸ್ಟೀರಿಂಗನ್ನ ಎಡಕ್ಕೆ ಬಲಕ್ಕೆ ಸ್ವಲ್ಪ ಸ್ವಲ್ಪ ಅಲ್ಲಾಡಿಸ್ತಾ ಇರಬೇಕು, ಪೂರ್ತಿ ತಿರುಗಿಸೋದು ಬ್ಯಾಡ. ಇನ್ನೊಬ್ಬ ಕೆಳಗೆ ಮಲಗಿ ಒಂದೊಂದೇ ಜಾಯಿಂಟ್ ಮೇಲೆ ಬೆರಳಿಡಬೇಕು. ಸ್ಟೀರಿಂಗ್ ಬಾಕ್ಸ್ ಚಾಸಿಗೆ ಕೂತ ಬೋಲ್ಟು, ಅಲ್ಲಿಂದ ಇಳಿದ ತೋಳು, ಡ್ರ್ಯಾಗ್ ಲಿಂಕಿನ ಎರಡು ತುದಿ, ಟೈರಾಡ್ ಎಂಡ್ ಎರಡೂ. ಒಂದು ಕಡೆ ಅಲ್ಲಾಡಿ ಪಕ್ಕದ್ದು ತಡವಾಗಿ ಅಲ್ಲಾಡಿದ್ರೆ ಆ ಜಾಯಿಂಟಿನಲ್ಲಿ ಆಟ ಇದೆ. ಕಣ್ಣಿಗಿಂತ ಬೆರಳು ಬೇಗ ಹಿಡೀತದ. ಬಾಕ್ಸ್ ಕೂತ ಜಾಗದಲ್ಲಿ ಚಾಸಿ ಬಿರುಕು ಬಿಟ್ಟಿದೆಯಾ ನೋಡೋದು ಮರೀಬ್ಯಾಡ್ರಿ. ಬೋಲ್ಟಿನ ಸುತ್ತ ಕಂದು ಪುಡಿ ಉದುರಿದ್ರೆ ಅದು ಒಳಗೊಳಗೇ ಉಜ್ಜಾಡ್ತಾ ಇದೆ ಅಂತ ಅರ್ಥ.

ಆಮೇಲೆ ಮುಂದಿನ ಗಾಲಿ ಜಾಕ್ ಹಾಕಿ ಎತ್ರಿ. ಹಿಂದಿನ ಗಾಲಿಗಳಿಗೆ ಕಲ್ಲು ಇಡ್ರಿ, ಆಕ್ಸಲ್ ಕೆಳಗೆ ಗಟ್ಟಿ ಸ್ಟ್ಯಾಂಡ್ ಇಡ್ರಿ. ಬರೀ ಜಾಕ್ ನಂಬಿ ಗಾಡಿ ಕೆಳಗೆ ತಲೆ ಹಾಕೋರು ನನ್ನ ಫಾಲೋ ಮಾಡೋದೇ ಬ್ಯಾಡ. ಪರ್ಸಿ ತುಂಡು ಸ್ಟ್ಯಾಂಡ್ ಅಲ್ಲ, ಅದು ಭಾರಕ್ಕೆ ಪಟ್ ಅಂತ ಒಡೀತದ.

ಗಡಿಯಾರ ನೆನಪಿಟ್ಕೊಳ್ರಿ. ಮೂರು ಮತ್ತು ಒಂಬತ್ತರ ಜಾಗದಲ್ಲಿ ಎರಡೂ ಕೈ ಇಟ್ಟು ಗಾಲಿ ಅಲ್ಲಾಡಿಸ್ರಿ. ಕಟಕಟ ಅಂದ್ರೆ ಹೆಚ್ಚಾಗಿ ಟೈರಾಡ್ ಕಡೆ ಆಟ. ಆಮೇಲೆ ಹನ್ನೆರಡು ಮತ್ತು ಆರರ ಜಾಗದಲ್ಲಿ. ಇಲ್ಲಿ ಅಲ್ಲಾಡಿದ್ರೆ ಎರಡು ಅನುಮಾನ: ಹಬ್ಬಿನ ಬೇರಿಂಗ್, ಇಲ್ಲಾ ಕಿಂಗ್ ಪಿನ್. ಯಾವುದು ಅಂತ ಹ್ಯಾಂಗ ಗೊತ್ತಾಗ್ತದ? ಒಳಗೆ ಕೂತವನಿಗೆ ಬ್ರೇಕ್ ಗಟ್ಟಿ ಒತ್ತಲಿಕ್ಕೆ ಹೇಳ್ರಿ. ಬ್ರೇಕ್ ಒತ್ತಿದಾಗ ಗಾಲಿ, ಹಬ್ಬು, ಹಿಂದಿನ ನಕಲ್ ಎಲ್ಲಾ ಒಂದೇ ತುಂಡಿನಂಗೆ ಬಿಗಿ ಆಗ್ತವೆ. ಆಗ ಆಟ ಮಾಯ ಆದ್ರೆ ಬೇರಿಂಗ್. ಬ್ರೇಕ್ ಒತ್ತಿದ್ರೂ ಆಟ ಹಂಗೇ ಇದ್ರೆ ಕಿಂಗ್ ಪಿನ್.

ಈ ಬ್ರೇಕಿನ ಉಪಾಯ ನನಗೆ ಭಾಳ ಸೇರ್ತು. ಯಾವ ಮೆಷಿನ್ನೂ ಇಲ್ಲದೆ, ಒಂದು ಕಾಲಿನಿಂದ ಎರಡು ಅನುಮಾನದಲ್ಲಿ ಒಂದನ್ನ ತೆಗೆದುಹಾಕೋದು.

6/8

ಕೆಳಗೆ ಮಲಗಿದಾಗ ಮೊದಲು ಕಣ್ಣಿಗೆ ಬಿದ್ದದ್ದು ಈ ಫೋಟೋದ ಗೀರು. ಟೈರಾಡ್ ಮೇಲೆ ಬೆಳ್ಳಿಯಂಗೆ ಹೊಳೆಯೋ ಉದ್ದ ಗೆರೆ. ಹೊಸ ಪೆಟ್ಟು ಹೊಳೀತದ, ಹಳೇ ಪೆಟ್ಟು ತುಕ್ಕು ಹಿಡಿದಿರ್ತದ, ಟ್ರೇಲ್ ಡ್ಯಾಮೇಜ್ ಓದೋದು ಹಿಂಗೆ. ಕಾಕಾ ತಕ್ಷಣ, "ಇದೇ ಬಾಗ್ಯದ ನೋಡು" ಅಂದ. ರಾಡ್ ಬಾಗಿದ್ರೆ ಅದರ ಉದ್ದ ಕಡಿಮೆ ಆಗ್ತದ, ಎರಡು ಗಾಲಿಗಳ ಕೋನ ಕೆಡ್ತದ, ಸ್ಟೀರಿಂಗ್ ಸೊಟ್ಟ ಕೂಡ್ತದ. ಆದರೆ ನಮ್ಮ ಸ್ಟೀರಿಂಗ್ ನೆಟ್ಟಗೇ ಇತ್ತು. ರಾಡಿನ ಉದ್ದಕ್ಕೆ ದಾರ ಹಿಡಿದು ನೋಡಿದ್ವಿ, ನೆಟ್ಟಗೆ.

ಆದ್ರೂ ಖಾತ್ರಿ ಇರಲಿ ಅಂತ ಮನೆ ಅಂಗಳದ ಪರ್ಸಿ ಮೇಲೆ ಅಳೆದ್ವಿ. ಎರಡೂ ಮುಂದಿನ ಟೈರಿನ ಮುಂಭಾಗದಲ್ಲಿ, ಹಬ್ಬಿನ ಎತ್ತರಕ್ಕೆ, ನಡುವೆ ಸುಣ್ಣದ ಗುರುತು. ಎರಡರ ನಡುವಿನ ಅಂತರ ಟೇಪಿನಲ್ಲಿ ಅಳತೆ. ಗಾಡಿ ನಿಧಾನ ಮುಂದಕ್ಕೆ ತಳ್ಳಿ, ಗುರುತು ಹಿಂಭಾಗಕ್ಕೆ ಬಂದಾಗ ಮತ್ತೆ ಅಳತೆ. ಎರಡರ ವ್ಯತ್ಯಾಸವೇ ಅಲೈನ್‌ಮೆಂಟಿನವರು ಕಂಪ್ಯೂಟರಲ್ಲಿ ತೋರಿಸೋ ಟೋ. ನಮ್ಮದು ಸರಿಯಾಗಿತ್ತು. ಪಾಟಾದ ಮುಂದಿನ ಬೋಲ್ಟಿನಿಂದ ಆಕ್ಸಲ್‌ವರೆಗೆ ಎರಡೂ ಕಡೆ ಅಳೆದ್ವಿ, ಅದೂ ಸಮ. ಯು-ಬೋಲ್ಟ್ ಸಡಿಲಾಗಿ ಆಕ್ಸಲ್ ಹಿಂದೆ ಸರಿದಿಲ್ಲ ಅಂತ ಆಯ್ತು.

ಉಸ್ತಾದ್ ಹತ್ರ ಜೀಪು ಎತ್ತಿ ಗಾಲಿ ಹಿಡಿದು ಅಲ್ಲಾಡಿಸಿದಾಗ ಬಲಗಡೆ ಗಟ್ಟಿ. ಎಡಗಡೆ ಹನ್ನೆರಡು-ಆರರಲ್ಲಿ ಕಟ್, ಕಟ್. ನಾನು ಬ್ರೇಕ್ ಒತ್ತಿದೆ. ಕಟ್, ಕಟ್ ನಿಲ್ಲಲಿಲ್ಲ.

ಬಿಚ್ಚಿದಾಗ ಕೆಳಗಿನ ಕಿಂಗ್ ಪಿನ್ ಬೇರಿಂಗ್ ಹೊರಗೆ ಬಂತು, ಫೋಟೋದಲ್ಲಿ ಇದೆ. ಗ್ರೀಸ್ ಇರಬೇಕಾದ ಜಾಗದಲ್ಲಿ ಹಾಲು ಹಾಕಿದ ಚಹಾದ ಬಣ್ಣದ ನೀರು. ಬೇರಿಂಗಿನ ಬಟ್ಟಲಲ್ಲಿ ರೋಲರ್ ಕೂತು ಕೂತು ಬಿದ್ದ ಗೆರೆಗಳು, ಉಗುರಾಡಿಸಿದ್ರೆ ತಾಗ್ತಾವೆ. ನೀರು ಕಾಗಿಣಾದ್ದೋ, ಹಳ್ಳದ್ದೋ, ಗದ್ದೆಯದ್ದೋ ಯಾರಿಗೆ ಗೊತ್ತು. ಸೀಲ್ ಹಳೇದಾಗಿತ್ತು, ಮುಳುಗಿದ ಗಾಲಿಯೊಳಗೆ ನೀರು ಹೊಕ್ಕಿತ್ತು.

ಹೊಸ ಬೇರಿಂಗ್, ಹೊಸ ಸೀಲ್ ಬಂತು. ಅದಕ್ಕಿಂತ ಸೂಕ್ಷ್ಮ ಕೆಲಸ ಶಿಮ್ಮಿನದು. ಬೇರಿಂಗ್ ಮುಚ್ಚಳದ ಕೆಳಗೆ ಕಾಗದದಷ್ಟು ತೆಳ್ಳಗಿನ ತಗಡು ಇರ್ತವೆ. ಒಂದು ತೆಗೆದ್ರೆ ಬಿಗಿ, ಒಂದು ಸೇರಿಸಿದ್ರೆ ಸಡಿಲ. ಉಸ್ತಾದ್ ಟೈರಾಡ್ ಬಿಚ್ಚಿ, ನಕಲ್ಲಿಗೆ ತಕ್ಕಡಿ ಕೊಕ್ಕೆ ಸಿಕ್ಕಿಸಿ, ಎಷ್ಟು ಎಳೆದರೆ ತಿರುಗ್ತದ ಅಂತ ನೋಡಿ ನೋಡಿ ಎರಡು ಸಲ ಶಿಮ್ ಬದಲಾಯಿಸಿದ. ಒಂದೂವರೆ ತಾಸು ಅದಕ್ಕೇ ಹೋಯ್ತು. ಸ್ಟೀರಿಂಗ್ ಬಾಕ್ಸ್ ಮುಟ್ಟಲೇ ಇಲ್ಲ. ಬಿಲ್ಲು 18,000ದ ಹತ್ತಿರಕ್ಕೂ ಬರಲಿಲ್ಲ.

7/8

ನಿಮ್ಮ ಗಾಡಿಯ ಕಥೆ ಬೇರೆ ಇರಬಹುದು, ಅದಕ್ಕೆ ಉಳಿದವನ್ನ ಬೇಗ ಹೇಳ್ತೀನಿ.

ಬ್ರೇಕ್ ಒತ್ತಿದಾಗ ಮಾತ್ರ ನಡುಗಿದ್ರೆ ಡ್ರಮ್ಮಿನಲ್ಲಿ ಮಣ್ಣು, ಇಲ್ಲಾ ಡಿಸ್ಕ್ ಸೊಟ್ಟ. ಸೀಟು ನಡುಗಿದ್ರೆ ಹಿಂದಿನ ಗಾಲಿ, ಇಲ್ಲಾ ಪ್ರೊಪೆಲ್ಲರ್ ಶಾಫ್ಟ್. ಶಾಫ್ಟಿಗೆ ಕಲ್ಲು ತಾಗಿ ತಗ್ಗು ಬಿದ್ದಿದೆಯಾ, ಕ್ರಾಸ್ ಸಡಿಲಾಗಿದೆಯಾ ನೋಡ್ರಿ. ಖಣಿ ದಾರಿಯಿಂದ ಬಂದಿದ್ರೆ ಟೈರಿನ ಪಕ್ಕೆಯಲ್ಲಿ ಗುಳ್ಳೆ ಹುಡುಕ್ರಿ, ಒಳಮೈ ಕೂಡ. ಗುಳ್ಳೆ ಇದ್ದ ಟೈರಿಗೆ ರಿಪೇರಿ ಇಲ್ಲ. ರಿಮ್ ಸೊಟ್ಟ ಅನ್ನೋ ಅನುಮಾನ ಇದ್ರೆ ಎತ್ತಿದ ಗಾಲಿ ಪಕ್ಕ ಒಂದು ಕಡ್ಡಿ ಇಟ್ಟು ಗಾಲಿ ತಿರುಗಿಸ್ರಿ, ಕಡ್ಡಿಗೂ ರಿಮ್ಮಿಗೂ ನಡುವಿನ ಸಂದಿ ಹೆಚ್ಚುಕಮ್ಮಿ ಆದ್ರೆ ಗೊತ್ತಾಗ್ತದ. ಇನ್ನೂ ಸುಲಭ, ಮುಂದಿನ ಗಾಲಿ ಹಿಂದಕ್ಕೆ ಹಾಕಿ ಓಡಿಸ್ರಿ. ನಡುಕ ಸ್ಟೀರಿಂಗಿನಿಂದ ಸೀಟಿಗೆ ಬಂದ್ರೆ ಕಳ್ಳ ಸಿಕ್ಕ. ಗಾಲಿ ಬಿಚ್ಚಿ ಹಾಕಿದ ಮೇಲೆ 50–100 ಕಿ.ಮೀ. ಓಡಿಸಿ ನಟ್ಟು ಇನ್ನೊಮ್ಮೆ ಬಿಗೀರಿ. ನೀರು ದಾಟಿದ್ರೆ ಡಿಫರೆನ್ಷಿಯಲ್ ಎಣ್ಣೆ ಸ್ವಲ್ಪ ಇಳಿಸಿ ನೋಡ್ರಿ. ಚಹಾದ ಬಣ್ಣ ಅಲ್ಲಿ ಕಂಡ್ರೂ ಅದೇ ಅರ್ಥ.

ಓಡಿಸುವಾಗಲೇ ಆ ದೊಡ್ಡ ನಡುಕ ಬಂದ್ರೆ? ಬ್ರೇಕ್ ಮೇಲೆ ನಿಲ್ಲಬ್ಯಾಡ್ರಿ, ಮುಂದಿನ ಗಾಲಿಗಳ ಮೇಲೆ ಭಾರ ಬಿದ್ದು ಇನ್ನೂ ಜೋರಾಗಬಹುದು. ಸ್ಟೀರಿಂಗ್ ಗಟ್ಟಿ ಹಿಡೀರಿ, ಆದ್ರೆ ಅದರ ಜೊತೆ ಕುಸ್ತಿ ಬ್ಯಾಡ. ಆಕ್ಸಿಲರೇಟರ್ ಬಿಡ್ರಿ, ವೇಗ ತಾನಾಗೇ ಇಳೀಲಿ, ಮೆಲ್ಲಗೆ ಬ್ರೇಕ್ ಕೊಟ್ಟು ಎಡಕ್ಕೆ ನಿಲ್ಲಿಸ್ರಿ. ಹೊಲದ ದಾರಿಯಲ್ಲಿ ಹೆಬ್ಬೆರಳು ಸ್ಟೀರಿಂಗ್ ಒಳಗೆ ಸಿಕ್ಕಿಸಬ್ಯಾಡ್ರಿ, ಗಾಲಿ ಕಲ್ಲಿಗೆ ಬಡಿದು ಸ್ಟೀರಿಂಗ್ ತಿರುಗಿದ್ರೆ ಬೆರಳು ಮುರೀತದ.

8/8

ಇನ್ನೊಂದು ಡ್ಯಾಮೇಜ್ ಇದೆ, ಅದು ಗಾಡಿಯದ್ದಲ್ಲ. ಈ ಕೊನೆ ಫೋಟೋ ಬಂಡಿ ದಾರಿಯದು. ಮಳೆಯಲ್ಲಿ ನಾಲ್ಕು ಗಾಡಿ ರೀಲ್ಸ್‌ಗಾಗಿ ಗಾಲಿ ತಿರುಗಿಸಿ ಹೋದ ಮೇಲೆ ಉಳಿದ ಗಾಲಿ ಕುಣಿ. ಎರೆಮಣ್ಣು ಒಣಗಿದ ಮೇಲೆ ಇದರ ಅಂಚು ಸಿಮೆಂಟ್. ಮುಂದೆ ಬರೋ ಜೀಪಿನ ಗಾಲಿಗೆ ಅದೇ ಅಂಚು ಪಕ್ಕದಿಂದ ಬಡೀತದ, ಎತ್ತಿನ ಬಂಡಿಯ ಕೀಲು ಮುರೀತದ. ಹೊಲದ ಮಾಲೀಕ ಸುಗ್ಗಿಯಲ್ಲಿ ತೊಗರಿ ಹೊರಗೆ ತರೋದು ಇದರ ಮೇಲೆಯೇ. ಹಸಿ ಇದ್ದಾಗ ಬ್ಯಾರೆಯವರ ಹೊಲದ ದಾರಿಗೆ ಇಳೀಬ್ಯಾಡ್ರಿ, ಇಳೀಲೇಬೇಕಂದ್ರೆ ಕೇಳಿ ಇಳೀರಿ.

ಚಿಂಚೋಳಿ ಕಡೆ ಹೋಗೋರಿಗೆ ಇನ್ನೂ ಒಂದು. ಎತ್ತಿಪೋತ ನೋಡ್ರಿ, ಚಂದ್ರಂಪಳ್ಳಿ ಡ್ಯಾಮ್ ನೋಡ್ರಿ, ರೋಡ್ ಬಿಡಬ್ಯಾಡ್ರಿ. ಅಲ್ಲಿನ ಕಾಡು 2011ರಿಂದ ವನ್ಯಜೀವಿ ಧಾಮ. ಧಾಮದೊಳಗೆ ಹೋಗೋಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅನುಮತಿ ಬೇಕು. "ಟ್ರೇಲ್ ಲೊಕೇಶನ್ ಕಳಿಸು ಅಣ್ಣಾ" ಅಂತ ಕೇಳಿದವರಿಗೆ ನಾನು ಉತ್ತರ ಕೊಡದಿರೋದು ಅದಕ್ಕೇ.

ಜೀಪು ಸೋಮವಾರದಿಂದ ಮತ್ತೆ ಹೊಲಕ್ಕೆ ಹೋಗ್ಲತ್ತದ. ಮೊದಲ ದಿನ ಕಾಕಾ ಒಬ್ಬನೇ ಖಾಲಿ ಜೀಪು ತಗೊಂಡು ವಾಡಿಯಿಂದ ಚಿತ್ತಾಪುರಕ್ಕೆ ಹೋಗಿ ಬಂದ, ಬೇಕಂತಲೇ ಎಡಗಾಲಿ ಗುಂಡಿಗೆ ಇಳಿಸ್ಕೊಂತ. ಮಂಗಳವಾರ ಹಿಂದೆ ಜನ ಕೂತರು. ಬಲಗಡೆ ಪಾಟಾದ ಶಾಕಲ್ ಬುಶ್ ಇನ್ನೂ ಬಾಕಿ ಅದ, ಕಲಬುರಗಿಯಿಂದ ಬರ್ಬೇಕು. ಬಿಚ್ಚಿದಾಗ ಫೋಟೋ ಹಾಕ್ತೀನಿ.

ನಿಮ್ಮ ಗಾಡಿದು ಕೇಳೋದಿದ್ರೆ ಮೂರು ಬರ್ದು ಕಳಿಸ್ರಿ: ಯಾವ ಗಾಡಿ, ಎಲ್ಲಿ ಹೋಗಿದ್ರಿ, ಯಾವಾಗ ನಡುಗ್ತದ.